ಬೀರುವಿನಲ್ಲಿ ಬೀಗ ಹಾಕಿಟ್ಟ ಇನ್‌ಹೇಲರ್

ಉಬ್ಬಸಕ್ಕೆ (ಆಸ್ತಮಾ) ಔಷಧವನ್ನು ಉಸಿರಿನೊಂದಿಗೆ ಒಳಗೆಳೆದುಕೊಳ್ಳುವ ಇನ್‌ಹೇಲರ್ ಎಂದರೆ ರೋಗ ಕೈಮೀರಿದಾಗ ಹಿಡಿಯುವ ಕೊನೆಯ ಅಸ್ತ್ರ, ಒಮ್ಮೆ ಹಿಡಿದರೆ ಬಿಡಿಸಲಾಗದ ಚಟ ಎಂಬ ನಂಬಿಕೆ ಓದಿದವರ ಮನೆಗಳಲ್ಲೂ ಬೇರುಬಿಟ್ಟಿದೆ. ಮೃಗಶಿರಾ ಮಳೆ ಹುಟ್ಟುವ ಹೊತ್ತಿಗೆ ಮಗುವಿಗೆ ಜೀವಂತ ಮೀನು ನುಂಗಿಸಲು ಹೈದರಾಬಾದಿನ ರೈಲು ಹತ್ತುವ ಪೋಷಕರು, ಅದೇ ಮಗುವಿನ ಶಾಲಾ ಚೀಲದಲ್ಲಿ ನೀಲಿ ಇನ್‌ಹೇಲರ್ ಇಡಲು ಹಿಂಜರಿಯುತ್ತಾರೆ. ಇಟ್ಟು ಕಳಿಸಿದರೂ ಎಷ್ಟೋ ಶಾಲೆಗಳಲ್ಲಿ ಅದು ಕಚೇರಿಯ ಬೀರು ಸೇರುತ್ತದೆ. ಮಗು ಮಾತ್ರ ಮೈದಾನದಲ್ಲಿ ಏದುಸಿರು ಬಿಡುತ್ತಿರುತ್ತದೆ.

ಈ ಭಯಕ್ಕೆ ಲೆಕ್ಕವೇ ಉತ್ತರ. ನೀಲಿ ಇನ್‌ಹೇಲರಿನಲ್ಲಿರುವ, ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಔಷಧ ಮಾತ್ರೆಯಾಗಿಯೂ ಸಿಗುತ್ತದೆ. ಮಾತ್ರೆಯಲ್ಲಿ ಸಾಮಾನ್ಯವಾಗಿ 2 ಅಥವಾ 4 ಮಿಲಿಗ್ರಾಂ ಔಷಧವಿರುತ್ತದೆ, ಇನ್‌ಹೇಲರಿನ ಒಂದು ಪಫ್‌ನಲ್ಲಿ, ಅಂದರೆ ಒಮ್ಮೆ ಒತ್ತಿದಾಗ ಚಿಮ್ಮುವುದರಲ್ಲಿ, 100 ಮೈಕ್ರೋಗ್ರಾಂ (0.1 ಮಿಲಿಗ್ರಾಂ). ಪೋಷಕರು ನಿಶ್ಚಿಂತೆಯಿಂದ ನುಂಗಿಸುವ 4 ಮಿಲಿಗ್ರಾಂ ಮಾತ್ರೆಯೊಂದು 40 ಪಫ್‌ಗಳಷ್ಟು ಔಷಧವನ್ನು ಮೈಯೆಲ್ಲ ಸುತ್ತಿಸಿ, ಕೈ ನಡುಗಿಸಿ, ಎದೆ ಡವಗುಟ್ಟಿಸುತ್ತದೆ. ಪಫ್ ಆದರೋ ನೇರವಾಗಿ ಶ್ವಾಸನಾಳಕ್ಕೆ ಹೋಗಿ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ನಾಳದ ತ್ರಿಜ್ಯ ಅರ್ಧಕ್ಕಿಳಿದರೆ ಗಾಳಿಗೆ ಎದುರಾಗುವ ತಡೆ 2 ಪಟ್ಟಲ್ಲ, ಸುಮಾರು 16 ಪಟ್ಟು ಹೆಚ್ಚುತ್ತದೆ ಎಂಬುದನ್ನು ನೆನೆದರೆ, ಬೀರುವಿನ ಕೀಲಿಕೈ ಹುಡುಕುವ ಹೊತ್ತು ಎಷ್ಟು ದುಬಾರಿ ಎಂಬುದು ತಿಳಿಯುತ್ತದೆ.

ಒತ್ತಿದರೆ ಚಿಮ್ಮುವ ಡಬ್ಬಿ ಇನ್‌ಹೇಲರಿನ ಕಲ್ಪನೆ ಮೊಳೆತದ್ದೇ ಶಾಲಾ ಬಾಲಕಿಯೊಬ್ಬಳ ಪ್ರಶ್ನೆಯಿಂದ. ಅಮೆರಿಕದ ರೈಕರ್ ಲ್ಯಾಬೊರೇಟರೀಸ್‌ನ ಮುಖ್ಯಸ್ಥ ಜಾರ್ಜ್ ಮೇಸನ್ ಅವರ 13 ವರ್ಷದ ಮಗಳು, ಕೂದಲಿನ ಸ್ಪ್ರೇಯಂತೆ ತನ್ನ ಉಬ್ಬಸದ ಔಷಧವನ್ನೂ ಡಬ್ಬಿಯಲ್ಲಿ ತುಂಬಲಾಗದೇ ಎಂದು ಕೇಳಿದಳಂತೆ. 1956ರಲ್ಲಿ ಈ ಬಗೆಯ ಮೊದಲ ಇನ್‌ಹೇಲರ್ ಮಾರುಕಟ್ಟೆಗೆ ಬಂತು.

ಆದರೆ ಅದಕ್ಕೊಂದು ಕೊರತೆಯಿದೆ. ಡಬ್ಬಿಯಿಂದ ಚಿಮ್ಮುವ ಹನಿಗಳು ದಪ್ಪವಾಗಿದ್ದು, ಅತಿ ವೇಗದಲ್ಲಿ ಹೋಗಿ ಗಂಟಲಿನ ಹಿಂಗೋಡೆಗೆ ಬಡಿಯುತ್ತವೆ. ಒತ್ತುವುದಕ್ಕೂ ಉಸಿರೆಳೆಯುವುದಕ್ಕೂ ಕ್ಷಣದ ಹೊಂದಾಣಿಕೆ ಬೇಕು, ಗಾಬರಿಗೊಂಡ ಮಗುವಿನಿಂದ ಅದು ಸಾಧ್ಯವಿಲ್ಲ. ನಡುವೆ ಸ್ಪೇಸರ್ ಎಂಬ ಟೊಳ್ಳು ಕೊಳವೆಯಿಟ್ಟರೆ ವೇಗ ತಗ್ಗುತ್ತದೆ, ಹನಿಗಳಲ್ಲಿನ ದ್ರವ ಆವಿಯಾಗಿ ಅವು ಕುಗ್ಗುತ್ತವೆ, ದಪ್ಪನೆಯವು ಗೋಡೆಗಂಟುತ್ತವೆ, 5 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಸಣ್ಣವು ಶ್ವಾಸಕೋಶದ ಆಳಕ್ಕಿಳಿಯುತ್ತವೆ. ರಭಸದ ನಲ್ಲಿಗೆ ಬಾಯೊಡ್ಡುವ ಬದಲು ನೀರನ್ನು ಬಿಂದಿಗೆಯಲ್ಲಿ ಹಿಡಿದು ಲೋಟದಿಂದ ಕುಡಿದಂತೆ, ಮಗು ತನ್ನ ಲಯದಲ್ಲೇ ಉಸಿರಾಡಬಹುದು. ಸ್ಪೇಸರನ್ನು ಬಟ್ಟೆಯಿಂದ ಉಜ್ಜಿದರೆ ಪ್ಲಾಸ್ಟಿಕ್ಕಿನಲ್ಲಿ ಸ್ಥಿರ ವಿದ್ಯುತ್ತು ಹುಟ್ಟಿ ಔಷಧವನ್ನು ಗೋಡೆಗೇ ಸೆಳೆದುಕೊಳ್ಳುತ್ತದೆ. ಸೋಪಿನ ನೀರಿನಲ್ಲಿ ತೊಳೆದು ಹಾಗೆಯೇ ಒಣಗಬಿಡಬೇಕು.

ಸ್ಪೇಸರ್‌ಗೆ ಹಣವೆಲ್ಲಿ ಎನ್ನುವವರು ದಕ್ಷಿಣ ಆಫ್ರಿಕಾದತ್ತ ನೋಡಲಿ. ಕೇಪ್‌ಟೌನ್‌ನ ಮಕ್ಕಳ ವೈದ್ಯೆ ಹೆದರ್ ಝಾರ್ ಮತ್ತು ಸಂಗಡಿಗರು 500 ಮಿಲಿಲೀಟರಿನ ತಂಪುಪಾನೀಯದ ಬಾಟಲಿಯ ತಳಕ್ಕೆ ಇನ್‌ಹೇಲರಿನ ಬಾಯಿಯ ಅಳತೆಯ ತೂತು ಮಾಡಿ, ಅಂಟಿನಿಂದ ಸಂದು ಮುಚ್ಚಿ, ಉಬ್ಬಸದ ಮಕ್ಕಳ ಮೇಲೆ ಪರೀಕ್ಷಿಸಿದರು. ಅದು ಅಂಗಡಿಯ ಸ್ಪೇಸರಿನಷ್ಟೇ ಕೆಲಸ ಮಾಡಿತೆಂದು 1999ರಲ್ಲಿ ವರದಿಯಾಯಿತು.

ಬ್ರಿಟನ್ನಿನಲ್ಲಿ 2014ರ ಅಕ್ಟೋಬರ್‌ನಿಂದ ಶಾಲೆಗಳೇ ವೈದ್ಯರ ಚೀಟಿಯಿಲ್ಲದೆ ತುರ್ತು ಇನ್‌ಹೇಲರ್ ಕೊಂಡಿಡಬಹುದು. ನಮ್ಮ ಶಾಲೆಗಳು ಕನಿಷ್ಠಪಕ್ಷ ವೈದ್ಯರು ಬರೆದುಕೊಟ್ಟದ್ದನ್ನು ಮಗುವಿನ ಕೈಗೆಟಕುವಲ್ಲಿ ಇಡಲಿ, ಆಟದ ಅವಧಿಯಲ್ಲಿ ಮೈದಾನಕ್ಕೂ ಒಯ್ಯಲಿ. ಆಸ್ಟ್ರೇಲಿಯಾದ ಶಿಕ್ಷಕರು ಕಲಿಯುವ ಕ್ರಮ ಸರಳ: ಮಗುವನ್ನು ಮಲಗಿಸದೆ ನೇರವಾಗಿ ಕೂರಿಸಿ, ಇನ್‌ಹೇಲರ್ ಅಲುಗಾಡಿಸಿ, ಒಂದೊಂದಾಗಿ 4 ಪಫ್, ಪ್ರತಿಯೊಂದಕ್ಕೂ 4 ಉಸಿರು, ಬಳಿಕ 4 ನಿಮಿಷ ಕಾಯುವುದು. ಉಸಿರು ಸುಧಾರಿಸದಿದ್ದರೆ, ಇಲ್ಲವೇ ಮೊದಲೇ ಮಗು ಒಂದು ವಾಕ್ಯವನ್ನೂ ಪೂರ್ತಿ ಆಡಲಾರದಂತಿದ್ದರೆ ಅಥವಾ ತುಟಿ ನೀಲಿಗಟ್ಟಿದ್ದರೆ, 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬರುವವರೆಗೂ ಇದನ್ನೇ ಮುಂದುವರಿಸಬೇಕು.

ಡಬ್ಬಿಯನ್ನು ಅಲುಗಾಡಿಸಿ ಔಷಧ ಉಳಿದಿದೆಯೆಂದು ತೀರ್ಮಾನಿಸುವವರೂ ಇದ್ದಾರೆ. ಸಾಮಾನ್ಯವಾಗಿ ಅದರಲ್ಲಿರುವುದು 200 ಪಫ್; ಔಷಧ ಮುಗಿದ ಮೇಲೂ ಅನಿಲ ಉಳಿದು ಬುಸ್ಸೆನ್ನುತ್ತಿರುತ್ತದೆ. ಆದ್ದರಿಂದ ಪಫ್‌ಗಳನ್ನು ತರಗತಿಯ ಪುಸ್ತಕವೊಂದರಲ್ಲಿ ದಿನಾಂಕಸಹಿತ ಗುರುತಿಸಿಡಬೇಕು. ವಾರದಲ್ಲಿ ಎರಡಕ್ಕಿಂತ ಹೆಚ್ಚು ಸಲ ನೀಲಿ ಇನ್‌ಹೇಲರ್ ಬೇಕಾಗಿದೆಯೆಂದು ಆ ಪುಸ್ತಕ ತೋರಿಸಿದರೆ ಅದು ಚಟವಲ್ಲ, ಶ್ವಾಸನಾಳದ ಊತ ಹತೋಟಿಗೆ ಬಂದಿಲ್ಲವೆಂಬ ಸೂಚನೆ. ಆ ಊತ ತಗ್ಗಿಸಲು ದಿನವೂ ತೆಗೆದುಕೊಳ್ಳುವ ಸ್ಟೀರಾಯ್ಡ್ ಇನ್‌ಹೇಲರಿನ ಬಗ್ಗೆ ಪೋಷಕರು ಆ ಪುಟಗಳನ್ನೇ ವೈದ್ಯರ ಮುಂದಿಟ್ಟು ಕೇಳಬಹುದು.