ತಾಳ್ಮೆ ಅಂದರೆ ಎಲ್ಲದಕ್ಕೂ ಸುಮ್ಮನಿರಬೇಕಾ?

ಪ್ರಶ್ನೆ: ಕಾಸರಗೋಡಿನ ಬಾಯಾರು ಕಡೆ ನಮ್ಮ ತೋಟ. ಮನೆಗೂ ಅಡಿಕೆಗೂ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಹಳೆ ಸುರಂಗದ ನೀರೇ ಗತಿ. ಗುಡ್ಡದ ಮೇಲಿನ ಜಾಗದವರು ಕೊಳವೆಬಾವಿ ತೆಗೆಸಿದ ಮೇಲೆ ಮಾರ್ಚ್‌ಗೇ ನೀರು ಸಣ್ಣದಾಗುತ್ತಿದೆ. ಕೇಳೋಣ ಅಂದರೆ ಮನೆಯಲ್ಲಿ ಬಿಡುವುದಿಲ್ಲ. 'ಕ್ರೈಸ್ತರು ಜಗಳಕ್ಕೆ ಹೋಗಬಾರದು, ತಾಳ್ಮೆ ಇರಲಿ' ಅನ್ನುತ್ತಾರೆ. ಈ ತಾಳ್ಮೆ ಎಲ್ಲಿಯವರೆಗೆ?

ಉತ್ತರ: ಈ ಪ್ರಶ್ನೆ ತುಂಬಾ ಜನ ಕೇಳುತ್ತಾರೆ. ನೀರಿನ ಬದಲು ಕೆಲವರಿಗೆ ಗಡಿಕಲ್ಲು, ಕೆಲವರಿಗೆ ಅತ್ತೆ, ಇನ್ನು ಕೆಲವರಿಗೆ ಸಾಲ ತೀರಿಸದ ಅಣ್ಣ. ಕೊನೆಯ ಸಾಲು ಮಾತ್ರ ಎಲ್ಲರದ್ದೂ ಒಂದೇ.

ನೇರವಾಗಿ ಹೇಳುತ್ತೇನೆ. ಕೇಳಿ. ಕೇಳುವುದು ಜಗಳವಲ್ಲ. ಆದರೆ ಸಿಟ್ಟು ನೆತ್ತಿಗೇರಿದಾಗ ಕೇಳಬೇಡಿ.

ನಿಮ್ಮ ಕಥೆಗೆ ತೀರಾ ಹತ್ತಿರದ್ದೊಂದು ಬೈಬಲಿನ ಆದಿಕಾಂಡದ 26ನೇ ಅಧ್ಯಾಯದಲ್ಲಿದೆ. ಅಲ್ಲೂ ನೀರಿನ ತಂಟೆಯೇ. ಇಸಾಕನಿಗೆ ಗೆರಾರಿನಲ್ಲಿ ಬಿತ್ತಿದ್ದು ನೂರರಷ್ಟು ಬೆಳೆಯಿತು. ಊರವರಿಗೆ ಹೊಟ್ಟೆಕಿಚ್ಚು. ಅವನ ಅಪ್ಪ ಅಬ್ರಹಾಮನ ಕಾಲದ ಬಾವಿಗಳಿಗೆ ಮಣ್ಣು ತುಂಬಿದರು. ರಾಜ ಅಬೀಮೆಲೆಕ ಊರು ಬಿಡು ಅಂದ. ಇಸಾಕ ತಗ್ಗಿಗೆ ಹೋಗಿ ಬಾವಿ ತೋಡಿಸಿದ. ಅಲ್ಲಿಯ ಕುರುಬರು 'ಈ ನೀರು ನಮ್ಮದು' ಅಂದರು. ಬಿಟ್ಟ. ಇನ್ನೊಂದು ತೋಡಿಸಿದ, ಅದಕ್ಕೂ ತಕರಾರು. ಅದನ್ನೂ ಬಿಟ್ಟ. ಮೂರನೆಯದಕ್ಕೆ ಯಾರೂ ಬರಲಿಲ್ಲ.

ಚರ್ಚಿನ ಪ್ರಸಂಗದಲ್ಲಿ ಸಾಮಾನ್ಯವಾಗಿ ಕಥೆ ಇಲ್ಲಿಗೆ ನಿಲ್ಲುತ್ತದೆ. 'ನೋಡಿ, ಬಿಟ್ಟುಕೊಟ್ಟ, ದೇವರು ಕೊಟ್ಟರು.' ನನಗೆ ಇದು ಅರ್ಧ ಕಥೆ ಅನಿಸುತ್ತದೆ. 'ನೀನು ನಮಗಿಂತ ಬಲಶಾಲಿ' ಅಂತ ಹಿಂದೆಯೇ ಅಬೀಮೆಲೆಕನೇ ಒಪ್ಪಿಕೊಂಡಿದ್ದ. ಅಂದರೆ ಇಸಾಕ ಹೆದರಿ ಬಿಡಲಿಲ್ಲ, ಜಗಳಕ್ಕೆ ನಿಲ್ಲುವ ಶಕ್ತಿ ಇದ್ದೂ ಬಿಟ್ಟ. ಮುಂದೆ ಅದೇ ರಾಜ ಸ್ನೇಹ ಬೇಕು ಅಂತ ಬಂದ. ಆಗ ಇಸಾಕ ಸುಮ್ಮನಿರಲಿಲ್ಲ. 'ನನ್ನನ್ನು ದ್ವೇಷಿಸಿ ಹೊರಗೆ ಕಳಿಸಿದವರು ಈಗ ಯಾಕೆ ಬಂದಿರಿ?' ಅಂತ ಮುಖಕ್ಕೇ ಕೇಳಿದ. ಕೇಳಿದ ಮೇಲೆ ಊಟ ಹಾಕಿದ, ಒಪ್ಪಂದ ಮಾಡಿಕೊಂಡ.

ಹಾಗಂತ ಇಸಾಕನನ್ನೇ ಅನುಕರಿಸಿ ಅಂತ ನಾನು ಹೇಳುವುದಿಲ್ಲ. ಅವನು ಗುಡಾರದಲ್ಲಿ ಇದ್ದವನು, ಮಂದೆ ಹೊಡೆದುಕೊಂಡು ಮುಂದೆ ಹೋಗಬಹುದಿತ್ತು. ಅಡಿಕೆ ಮರವನ್ನು ಕಿತ್ತುಕೊಂಡು ಹೋಗಲಿಕ್ಕಾಗುತ್ತದಾ? ಗುಡ್ಡದ ಮುರಕಲ್ಲು ಕೊರೆದು ಮಾಡಿದ ಸುರಂಗವನ್ನು ಬಿಟ್ಟು ಹೋಗುವುದು ಎಲ್ಲಿಗೆ? ನಿಮ್ಮ ನೆರೆಯವರು ನಾಳೆಯೂ ನಿಮ್ಮ ನೆರೆಯವರೇ. ಅದಕ್ಕೇ ನಿಮಗೆ ತಾಳ್ಮೆಯ ಜೊತೆ ವಿವೇಕವೂ ಬೇಕು. ವಿವೇಕ ಕಡಿಮೆಯಿದ್ದವನು ದೇವರನ್ನು ಕೇಳಲಿ, ಅವರು ಬೈಯದೆ ಕೊಡುತ್ತಾರೆ ಎನ್ನುತ್ತಾನೆ ಯಾಕೋಬ ತನ್ನ ಪತ್ರದಲ್ಲಿ. ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ: ಕೇಳಿಸಿಕೊಳ್ಳಲು ಬೇಗ, ಮಾತಾಡಲು ನಿಧಾನ, ಸಿಟ್ಟಿಗೆ ಇನ್ನೂ ನಿಧಾನ. ಅವನು ಮಾತೇ ಬೇಡ ಅನ್ನಲಿಲ್ಲ, ಗಮನಿಸಿ.

ಮೊದಲು ಸುರಂಗದ ಮಾತನ್ನೇ ಕೇಳಿಸಿಕೊಳ್ಳಿ. ಒಂದು ಕೊಡ ತುಂಬಲು ಎಷ್ಟು ಹೊತ್ತು ಬೇಕು ಅಂತ ವಾರಕ್ಕೊಮ್ಮೆ ನೋಡಿ, ತಾರೀಕು ಹಾಕಿ ಬರೆದಿಡಿ. ಮೇಲಿನ ಪಂಪು ಓಡಿದ ದಿನ, ಓಡದ ದಿನ ಎರಡನ್ನೂ ಗುರುತು ಮಾಡಿ. ನೀರು ಇಳಿಯಲು ಮಳೆ ಕಡಿಮೆಯಾದದ್ದೂ ಕಾರಣ ಇರಬಹುದು, ಒಳಗೆ ಮಣ್ಣು ಕುಸಿದಿರಲೂಬಹುದು. ಸುಮ್ನೆ ಒಬ್ಬರ ಮೇಲೆ ಹಾಕಿದರೆ ಅದು ಸುಳ್ಳು ಸಾಕ್ಷಿಗೆ ಹತ್ತಿರ ಹೋಗುತ್ತದೆ.

ಆಮೇಲೆ ಸರಿಯಾದ ಹೊತ್ತು ನೋಡಿ. ಬೈಬಲಿನ ಅಬೀಗೈಲಳ ಕಥೆ ಗೊತ್ತಲ್ವಾ? ಗಂಡ ನಾಬಾಲ, ಮುಂದೆ ರಾಜನಾದ ದಾವೀದನ ಆಳುಗಳನ್ನು ಬೈದು ಕಳಿಸಿದ್ದ. ದಾವೀದ ಕತ್ತಿ ಕಟ್ಟಿ ಹೊರಟಿದ್ದ. ಅವಳು ಒಂದು ಗಳಿಗೆಯೂ ಕಾಯದೆ ಕತ್ತೆಗಳ ಮೇಲೆ ರೊಟ್ಟಿ, ಒಣದ್ರಾಕ್ಷಿ ಹೇರಿಸಿ ದಾರಿಯಲ್ಲೇ ಅವನನ್ನು ತಡೆದಳು. ಮನೆಗೆ ಬಂದರೆ ಗಂಡ ಕುಡಿದು ಮೈಮರೆತಿದ್ದ. ಆ ರಾತ್ರಿ ಒಂದು ಮಾತೂ ಆಡಲಿಲ್ಲ. ಅಮಲು ಇಳಿದ ಮೇಲೆ ಬೆಳಿಗ್ಗೆ ಹೇಳಿದಳು. ಒಬ್ಬನ ಹತ್ತಿರ ಓಡಬೇಕಾಯಿತು, ಇನ್ನೊಬ್ಬನ ಹತ್ತಿರ ಕಾಯಬೇಕಾಯಿತು. ನಮ್ಮ ಕಡೆ ಎಪ್ರಿಲಿನಲ್ಲಿ ಅಡಿಕೆ ಹಿಂಗಾರ ಬಾಡುತ್ತಿರುವಾಗ ನೀರಿನ ಮಾತು ಎತ್ತಿದರೆ ಯಾರ ಬಾಯಿಂದಲೂ ಒಳ್ಳೆಯದು ಬರುವುದಿಲ್ಲ. ಮಳೆಗಾಲ ಮುಗಿದು, ನೀರು ನಿಲ್ಲಿಸಲು ತೋಡಿಗೆ (ಹಳ್ಳಕ್ಕೆ) ಅಡ್ಡ ಕಟ್ಟ ಹಾಕುವ ಹೊತ್ತು ಒಳ್ಳೆಯದು. ಆಗ ಎಲ್ಲರಿಗೂ ಎಲ್ಲರೂ ಬೇಕು. ಸಾಕ್ಷಿ ಕರೆದುಕೊಂಡು ಹೋಗಬೇಡಿ. ತಪ್ಪು ಮಾಡಿದವನ ಹತ್ತಿರ ಮೊದಲು ನೀನೊಬ್ಬನೇ ಹೋಗು ಅನ್ನುವುದು ಮತ್ತಾಯ 18ರಲ್ಲಿ ಯೇಸು ಹೇಳಿದ ಕ್ರಮ. ಅದು ಸಹೋದರರಿಗೆ ಹೇಳಿದ್ದು, ಆದರೆ ನೆರೆಯವರು ಯಾವ ಜಾತಿ, ಮತದವರಾದರೂ ಕೆಲಸಕ್ಕೆ ಬರುತ್ತದೆ.

ಮಾತು ಕೇಳದಿದ್ದರೆ? ಪಂಚಾಯತಿಗೆ, ಕಾಸರಗೋಡಿನ ಅಂತರ್ಜಲ ಕಚೇರಿಗೆ ಹೋಗಿ. ಕೇರಳದಲ್ಲಿ ಇದಕ್ಕೆ 2002ರ ಕಾಯಿದೆಯೇ ಇದೆ. ಮಲಯಾಳದ ಕಾಗದ ಓದಲು ಬಾರದಿದ್ದರೆ, ಓದಿಸಿಕೊಳ್ಳದೆ ಸಹಿ ಹಾಕಬೇಡಿ. ಅಧಿಕಾರಿಗಳ ಹತ್ತಿರ ಹೋಗುವುದು ನಂಬಿಕೆ ಕಡಿಮೆಯಾದ ಲಕ್ಷಣ ಅನ್ನುವವರಿಗೆ ಫಿಲಿಪ್ಪಿ ಊರಿನ ಸೆರೆಮನೆ ನೆನಪಿಸಿ. ವಿಚಾರಣೆಯಿಲ್ಲದೆ ಹೊಡೆಸಿಕೊಂಡ ಅಪೊಸ್ತಲ ಪೌಲ, ಅವನ ಜೊತೆಗಾರ ಸೀಲ ಆ ರಾತ್ರಿ ಅಲ್ಲಿ ಹಾಡಿದರು. ಬೆಳಿಗ್ಗೆ ಅಧಿಕಾರಿಗಳು ಗುಟ್ಟಾಗಿ ಬಿಟ್ಟುಬಿಡುತ್ತೇವೆ ಅಂದಾಗ ಪೌಲ ಒಪ್ಪಲಿಲ್ಲ. ನಾವು ರೋಮಿನ ಪ್ರಜೆಗಳು, ಅವರೇ ಬಂದು ಕರೆದುಕೊಂಡು ಹೋಗಲಿ ಅಂದ. ಅವರು ಬಂದರು, ಬೇಡಿಕೊಂಡರು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಮನೆಯೊಳಗೆ ಹೊಡೆತ ಬಡಿತ ಇದ್ದರೆ ಮೇಲಿನ ಯಾವ ಲೆಕ್ಕವೂ ನಡೆಯುವುದಿಲ್ಲ. ರಾಜ ಸೌಲ ಈಟಿ ಎಸೆದಾಗ ದಾವೀದ ತಪ್ಪಿಸಿಕೊಂಡು ಓಡಿದ. ಅವನಿಗೆ ತಾಳ್ಮೆ ಇರಲಿಲ್ಲ ಅಂತ ಯಾರೂ ಹೇಳಿಲ್ಲ. ಮಹಿಳೆಯರಿಗೆ 181, ಪೊಲೀಸರಿಗೆ 112. ಪ್ರಾರ್ಥನೆಯನ್ನು ಸುರಕ್ಷಿತ ಜಾಗಕ್ಕೆ ಹೋದ ಮೇಲೂ ಮಾಡಬಹುದು.

ಇನ್ನು ನಿಮ್ಮ ಮನೆಯವರ ಭಯ ಸುಳ್ಳಲ್ಲ. ದೂರು ಕೊಟ್ಟರೆ ಮುಖ ನೋಡದ ಹಾಗೆ ಆಗುತ್ತದೆ ಅನ್ನುವುದು ಅವರ ಚಿಂತೆ ತಾನೇ? ಅದು ಅರ್ಧ ನಿಮ್ಮ ಕೈಯಲ್ಲೇ ಇದೆ. ದೂರು ಕೊಡುವ ಮೊದಲು ನೆರೆಯವರಿಗೇ ಹೇಳಿ, ಬೇರೆಯವರಿಂದ ಗೊತ್ತಾಗುವುದು ಬೇಡ. ಕೊಟ್ಟ ಮೇಲೂ ಅವರ ಮನೆಯ ಮದುವೆಗೆ ಕರೆದರೆ ಹೋಗಿ, ಕೂತು ಊಟ ಮಾಡಿ ಬನ್ನಿ. ಅಲ್ಲಿ ಮಾತ್ರ ನೀರಿನ ಸುದ್ದಿ ಎತ್ತಬೇಡಿ.