ನೀರು ಹೋಗಿದೆ, ನೋವಿಲ್ಲ, ಮನೆಯಲ್ಲೇ ಇದ್ದೇವೆ

ಹೆರಿಗೆ ನೋವು ಹೇಗಿರುತ್ತದೆ ಅಂತ ನಮ್ಮ ಹೆಣ್ಣುಮಕ್ಕಳಿಗೆ ಹೆಚ್ಚು ಹೇಳಿಕೊಡಬೇಕಿಲ್ಲ. ಸೊಂಟದಿಂದ ಸುತ್ತಿ ಹೊಟ್ಟೆಗೆ ಬರುತ್ತದೆ, ಬಿಟ್ಟುಬಿಟ್ಟು ಬರುತ್ತದೆ, ಬರಬರುತ್ತಾ ಬಿಡುವು ಕಡಿಮೆಯಾಗುತ್ತದೆ. ಅಜ್ಜಿಯರ ಜೀರಿಗೆ ಕಷಾಯದ ಪರೀಕ್ಷೆಗೂ ನನ್ನ ತಕರಾರಿಲ್ಲ. ಕುಡಿದು ಮಲಗಿದ ಮೇಲೆ ಕಡಿಮೆಯಾದರೆ ಸುಳ್ಳು ನೋವು, ಜಾಸ್ತಿಯಾದರೆ ನಿಜ ಅನ್ನುತ್ತಾರೆ. ಕಷಾಯಕ್ಕಿಂತ ಮಲಗಿದ್ದೇ ಕೆಲಸ ಮಾಡಿರುತ್ತದೆ, ಇರಲಿ. ಹರಳೆಣ್ಣೆ ಮಾತ್ರ ಕುಡಿಸಬೇಡಿ. 37 ವಾರ ತುಂಬುವ ಮೊದಲೇ ನೋವು ಬಂದರೆ ಕಷಾಯ ಕಾಯಿಸುತ್ತಾ ಕೂರಲೂ ಬೇಡಿ.

ನನಗೆ ತಲೆ ಕೆಡುವುದು ಬೇರೆ ವಿಷಯಕ್ಕೆ. "ಯಾವಾಗಮ್ಮ ನೀರು ಹೋಗಿದ್ದು?" "ನಿನ್ನೆ ಬೆಳಗಿನ ಜಾವ, ಮೇಡಂ." "ಮತ್ತೆ ಈಗ ಬರ್ತಿದ್ದೀರಾ?" "ನೋವೇ ಬರ್ಲಿಲ್ವಲ್ಲ ಮೇಡಂ!" ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ.

ಸಿನಿಮಾದಲ್ಲಿ ಮೊದಲು ಕಿರುಚಾಟ, ಆಮೇಲೆ ಮಿಕ್ಕಿದ್ದು. ನಿಜದಲ್ಲಿ ದಿನ ತುಂಬಿದ ನೂರು ಗರ್ಭಿಣಿಯರಲ್ಲಿ ಸುಮಾರು 8ರಿಂದ 10 ಮಂದಿಗೆ ನೋವು ಶುರುವಾಗುವ ಮೊದಲೇ ನೀರಿನ ಚೀಲ ಒಡೆಯುತ್ತದೆ. ಅವರಲ್ಲಿ ಹೆಚ್ಚಿನವರಿಗೆ 24 ಗಂಟೆಯೊಳಗೆ ನೋವು ಬರುತ್ತದೆ ಅನ್ನುವುದೂ ನಿಜವೇ. "ನಮ್ಮಕ್ಕನೂ ಕಾದಿದ್ಲು, ಏನೂ ಆಗ್ಲಿಲ್ಲ" ಅನ್ನುವವರ ಬಾಯಿ ಮುಚ್ಚಿಸುವುದು ಅದಕ್ಕೇ ಕಷ್ಟ. ಆದರೆ ಆ ಚೀಲ ಮಗುವಿಗೆ ಬಾಗಿಲಿದ್ದ ಹಾಗೆ. ಒಡೆದ ಮೇಲೆ ಗಂಟೆಗಳು ಕಳೆದಷ್ಟೂ ಸೋಂಕು ಒಳಗೆ ಹತ್ತುವ ಸಾಧ್ಯತೆ ಏರುತ್ತಾ ಹೋಗುತ್ತದೆ. ಮಗುವಿನ ತಲೆ ಇನ್ನೂ ಕೆಳಗೆ ಕೂತಿಲ್ಲದಿದ್ದರೆ ಹೊಕ್ಕುಳಬಳ್ಳಿ ಜಾರಿ ಮುಂದೆ ಬರಬಹುದು. ಅದು ಅಪರೂಪ, ಆದರೆ ಬಂದರೆ ನಿಮಿಷಗಳ ಲೆಕ್ಕ. ಕಾಯುವುದೇ ಸರಿ ಅಂತ ಕೆಲವೊಮ್ಮೆ ನಾವೂ ತೀರ್ಮಾನಿಸುತ್ತೇವೆ. ಆದರೆ ಜ್ವರ ನೋಡಿಕೊಂಡು, ಮಗುವಿನ ಎದೆಬಡಿತ ಕೇಳಿಕೊಂಡು ಕಾಯುತ್ತೇವೆ. ಮನೆಯ ನಡುಮನೆಯಲ್ಲಿ ಅದನ್ನು ಯಾರು ಮಾಡುತ್ತಾರೆ?

"ಮೂತ್ರ ಇರಬೇಕು ಅನ್ಕೊಂಡ್ವಿ" ಅನ್ನುವುದು ಇನ್ನೊಂದು ನೆಪ. ತುಂಬಿದ ಬಸುರಿಗೆ ಕೆಮ್ಮಿದರೆ ಎರಡು ಹನಿ ಹೋಗುತ್ತದೆ, ಒಪ್ಪಿದೆ. ಆದರೆ ಮೂತ್ರ ಬಿಗಿಹಿಡಿದರೆ ನಿಲ್ಲುತ್ತದೆ, ವಾಸನೆ ಇರುತ್ತದೆ. ಚೀಲದ ನೀರು ನಿಲ್ಲುವುದಿಲ್ಲ. ಎಲ್ಲರಿಗೂ ಬಿಂದಿಗೆ ಉರುಳಿಸಿದಂತೆ ಹೋಗುವುದೂ ಇಲ್ಲ. ಎದ್ದಾಗ, ಮಗ್ಗುಲು ಬದಲಿಸಿದಾಗ ಸ್ವಲ್ಪ ಸ್ವಲ್ಪ ಜಿನುಗಬಹುದು. ಬಿಳಿ ಬಟ್ಟೆ ಇಟ್ಟುಕೊಂಡು ಅರ್ಧ ಗಂಟೆ ಮಲಗಿ ಏಳಿ. ಮತ್ತೆ ಒದ್ದೆಯಾದರೆ ತಾಯಿ ಕಾರ್ಡ್ ಹಿಡಿದು ಹೊರಡಿ, 108ಕ್ಕೆ ಫೋನ್ ಮಾಡಿ. ಅನುಮಾನ ಇದ್ದರೂ ಹೊರಡಿ. ಮೂತ್ರವೇ ಆಗಿದ್ದರೆ ವಾಪಸ್ ಕಳಿಸುತ್ತೇವೆ, ಯಾರೂ ನಗುವುದಿಲ್ಲ. ಹಸಿರು, ಕಂದು ಬಣ್ಣ ಕಂಡರೆ, ರಕ್ತ ಹೋದರೆ, ಮಗುವಿನ ಓಡಾಟ ಕಡಿಮೆ ಅನ್ನಿಸಿದರೆ ಆ ಅರ್ಧ ಗಂಟೆಯೂ ಬೇಡ.

ಒಂದು ಮಳೆಗಾಲದ ರಾತ್ರಿ ಅತ್ತೆಯೊಬ್ಬರು ಸೊಸೆಯನ್ನು ಆಟೋದಲ್ಲಿ ಕರೆತಂದರು. ಹುಡುಗಿಗೆ ಒಂದು ಚೂರೂ ನೋವಿಲ್ಲ, ನಾಚಿಕೊಂಡು ನಗುತ್ತಿದ್ದಳು. ಅತ್ತೆ ಮಾತಾಡದೆ ಸೆರಗಿನಡಿಯಿಂದ ಪ್ಲಾಸ್ಟಿಕ್ ಕವರ್ ತೆಗೆದು ಮೇಜಿನ ಮೇಲಿಟ್ಟರು. ಒಳಗೆ ಒದ್ದೆ ಬಟ್ಟೆ. ನಮ್ಮ ಹೊಸ ಸಿಸ್ಟರ್ ಮೂಗು ಮುಚ್ಚಿಕೊಂಡಳು. ನಾನು ಬಿಚ್ಚಿ ಟ್ಯೂಬ್‌ಲೈಟ್ ಕೆಳಗೆ ಹಿಡಿದೆ. ಅಂಚಿನ ತುಂಬಾ ಹೆಸರುಬೇಳೆ ತೊಳೆದ ನೀರಿನಂಥ ತಿಳಿ ಹಸಿರು. ಮಗು ಒಳಗೇ ಹೊಲಸು ಮಾಡಿಕೊಂಡಿತ್ತು. ಎದೆಬಡಿತವೂ ಇಳಿಯುತ್ತಿತ್ತು. ಆಪರೇಷನ್ ಮಾಡಿ ತೆಗೆದೆವು, ಗಂಡು ಮಗು, ಅತ್ತದ್ದು ಸ್ವಲ್ಪ ತಡವಾಗಿ.

ಡಿಸ್ಚಾರ್ಜ್ ದಿನ ಆ ಅತ್ತೆ ನನ್ನ ಕೋಣೆಯ ಬಾಗಿಲಲ್ಲಿ ನಿಂತೇ ಇದ್ದರು. ಏನಮ್ಮ ಅಂದೆ. "ಆ ಬಟ್ಟೆ ವಾಪಸ್ ಸಿಕ್ತದಾ ಮೇಡಂ? ಅವಸರದಲ್ಲಿ ನಮ್ಮ ಯಜಮಾನ್ರ ಹೊಸ ಪಂಚೆ ಹರ್ಕೊಂಡು ಬಂದ್ಬಿಟ್ಟಿದ್ದೆ. ಇನ್ನೂ ಅವರಿಗೆ ಹೇಳಿಲ್ಲ."