40 ಸೆಕೆಂಡಿನಲ್ಲಿ ಎರಡು ಕೆಲಸ: ಮೈಕ್ ಮೆಕಾರ್ಥಿ ಪ್ರಕರಣ

ಇಲ್ಲಿ ಫುಟ್‌ಬಾಲ್ ಎಂದರೆ ಅಮೆರಿಕನ್ ಫುಟ್‌ಬಾಲ್. ಆಕ್ರಮಣ ಮಾಡುವ ತಂಡಕ್ಕೆ ನಾಲ್ಕು ಯತ್ನಗಳು. ಅಷ್ಟರೊಳಗೆ ಚೆಂಡನ್ನು 10 ಗಜ ಮುಂದೆ ಸಾಗಿಸಬೇಕು; ಆಗದಿದ್ದರೆ ಚೆಂಡು ಎದುರಾಳಿಗೆ. ಪ್ರತಿ ಯತ್ನವೂ ಮೊದಲೇ ಅಭ್ಯಾಸ ಮಾಡಿಟ್ಟುಕೊಂಡ ಒಂದು ‘ಪ್ಲೇ’. ಈಗ ಯಾವ ಪ್ಲೇ ಎಂದು ಆರಿಸಿ ಹೇಳುವುದೇ ಪ್ಲೇ ಕಾಲಿಂಗ್.

ಇದು ಏಕೆ ಕಷ್ಟ ಎಂಬುದು ಗಡಿಯಾರ ನೋಡಿದರೆ ತಿಳಿಯುತ್ತದೆ. ಸಾಮಾನ್ಯವಾಗಿ ಒಂದು ಪ್ಲೇ ಮುಗಿದ 40 ಸೆಕೆಂಡಿನೊಳಗೆ ಮುಂದಿನದು ಶುರುವಾಗಬೇಕು. ಕೋಚ್‌ನ ಮಾತು ರೇಡಿಯೊ ಮೂಲಕ ಕ್ವಾರ್ಟರ್‌ಬ್ಯಾಕ್‌ನ (ಮೈದಾನದಲ್ಲಿ ಆಕ್ರಮಣ ನಡೆಸುವ, ಚೆಂಡು ಎಸೆಯುವ ಆಟಗಾರ) ಹೆಲ್ಮೆಟ್‌ಗೆ ಬರುತ್ತದೆ; 15 ಸೆಕೆಂಡು ಉಳಿದಾಗ ಆ ಸಂಪರ್ಕ ತಾನಾಗಿ ಕಡಿಯುತ್ತದೆ. ಇದೇ ಅವಧಿಯಲ್ಲಿ ಮುಖ್ಯ ಕೋಚ್‌ಗೆ ಬೇರೆ ಚಿಂತೆಗಳೂ ಇವೆ: ನಾಲ್ಕನೇ ಯತ್ನದಲ್ಲಿ ಆಡಬೇಕೋ ಒದೆಯಬೇಕೋ, ಟೈಮ್ ಔಟ್ ಕೇಳಬೇಕೋ, ತೀರ್ಪನ್ನು ಪ್ರಶ್ನಿಸಬೇಕೋ. ಪ್ಲೇಗಳ ಹಾಳೆಯಲ್ಲಿ ತಲೆ ಹುದುಗಿಸಿದವನಿಗೆ ಮೈದಾನ ಪೂರ್ತಿ ಕಾಣುವುದಿಲ್ಲ.

ಗ್ರೀನ್ ಬೇ ಪ್ಯಾಕರ್ಸ್ ತಂಡದ ಆಗಿನ ಮುಖ್ಯ ಕೋಚ್ ಮೆಕಾರ್ಥಿ ಎರಡನ್ನೂ ತಾವೇ ಹೊತ್ತಿದ್ದರು. ಹಾಗೆಯೇ ಸೂಪರ್ ಬೌಲ್ (ಋತುವಿನ ಅಂತಿಮ ಪಂದ್ಯ) ಕೂಡ ಗೆದ್ದಿದ್ದರು. ಪೆಟ್ಟು ಬಿದ್ದದ್ದು 2015ರ ಜನವರಿ 18ರಂದು, ಸಿಯಾಟಲ್‌ನಲ್ಲಿ. ಮೊದಲ ಕ್ವಾರ್ಟರ್‌ನಲ್ಲಿ ಗೋಲ್ ಗೆರೆಗೆ ಒಂದೇ ಗಜ ದೂರದಲ್ಲಿದ್ದಾಗ ಎರಡು ಸಲವೂ ಚೆಂಡನ್ನು ಕಂಬಗಳ ನಡುವೆ ಒದೆಯುವ ಫೀಲ್ಡ್ ಗೋಲ್‌ಗೆ ತೃಪ್ತರಾದರು. ಚೆಂಡನ್ನು ಗೋಲ್ ಗೆರೆ ದಾಟಿಸುವ ಟಚ್‌ಡೌನ್‌ನ ಆರರ ಬದಲು ಮೂರೇ ಅಂಕ. ಐದು ನಿಮಿಷ ಉಳಿದಾಗ 19-7ರ ಮುನ್ನಡೆ, ಚೆಂಡೂ ಕೈಯಲ್ಲಿ. ಆಗ ಸತತ ಮೂರು ಓಟದ ಪ್ಲೇ (ಚೆಂಡನ್ನು ಎಸೆಯದೆ ಹಿಡಿದು ಓಡುವುದು) ಕರೆದರು. ಎದುರಾಳಿಗೂ ಅದೇ ನಿರೀಕ್ಷೆಯಿತ್ತು. ಮೂರೂ ವಿಫಲವಾಗಿ ಚೆಂಡನ್ನು ಒದ್ದು ಬಿಟ್ಟುಕೊಡಬೇಕಾಯಿತು. ಹೆಚ್ಚುವರಿ ಸಮಯದಲ್ಲಿ 28-22ರ ಸೋಲು.

(ಓಟದಿಂದ ಗಡಿಯಾರ ಕರಗುತ್ತದೆ ಎಂಬ ಲೆಕ್ಕ ತಪ್ಪಲ್ಲ. ನನ್ನ ತಕರಾರು ಒಂದೇ ಲೆಕ್ಕವನ್ನು ಮೂರು ಸಲ ಹಾಕಿದ್ದರ ಬಗ್ಗೆ.)

ಮರುತಿಂಗಳೇ ಅವರು ಪ್ಲೇ ಕಾಲಿಂಗ್ ಅನ್ನು ಸಹಾಯಕ ಟಾಮ್ ಕ್ಲೆಮೆಂಟ್ಸ್‌ಗೆ ಒಪ್ಪಿಸಿ, ತಾವು ಇಡೀ ತಂಡದ ಮೇಲೆ ಕಣ್ಣಿಡಲು ನಿಂತರು. 2015ರ ಋತುವಿನ ಮೊದಲ ಆರು ಪಂದ್ಯಗಳಲ್ಲಿ ಆರೂ ಗೆಲುವು. ಆಮೇಲೆ ಡೆನ್ವರ್, ಕ್ಯಾರೊಲಿನಾ, ಡೆಟ್ರಾಯಿಟ್ ಎದುರು ಸಾಲು ಸೋಲು. ಡಿಸೆಂಬರ್‌ನಲ್ಲಿ ಹಾಳೆ ಮತ್ತೆ ಮೆಕಾರ್ಥಿ ಕೈಗೇ ಬಂತು. ಮೊದಲ ಪಂದ್ಯದಲ್ಲಿ ಡಲ್ಲಾಸ್ ವಿರುದ್ಧ 28-7ರ ಜಯ.

ಹಾಗಾದರೆ ತಪ್ಪೆಲ್ಲ ಕ್ಲೆಮೆಂಟ್ಸ್‌ದೇ? ಇಲ್ಲಿಯೇ ನಾವು ಎಡವುವುದು. ಎಸೆದ ಚೆಂಡನ್ನು ಹಿಡಿಯುವ ಮುಖ್ಯ ರಿಸೀವರ್ ಜಾರ್ಡಿ ನೆಲ್ಸನ್ ಮೊಣಕಾಲಿನ ಗಾಯದಿಂದ ಋತು ಶುರುವಾಗುವ ಮೊದಲೇ ಹೊರಬಿದ್ದಿದ್ದರು. ದೂರಕ್ಕೆ ಓಡಿ ರಕ್ಷಣೆಯನ್ನು ಹಿಂದಕ್ಕೆ ಸೆಳೆಯುವವನೇ ಇಲ್ಲದಿದ್ದರೆ, ಯಾರು ಕರೆದರೂ ಅದೇ ಪ್ಲೇಗೆ ಜಾಗ ಸಿಗುವುದಿಲ್ಲ. ಹಾಳೆ ಮರಳಿದ ಮೇಲೂ ಆ ಋತು ಪ್ಲೇಆಫ್‌ನಲ್ಲಿ ಅರಿಝೋನಾ ಎದುರು ಮುಗಿಯಿತು.

ಅಭ್ಯಾಸಕ್ಕೆ: ಸಿಯಾಟಲ್ ಪಂದ್ಯದ ದೃಶ್ಯ ಸಿಕ್ಕರೆ ಆ ಮೂರು ಓಟಗಳ ಮುಂಚೆ ಒಂದೊಂದು ಸಲ ನಿಲ್ಲಿಸಿ, ನೀವಾಗಿದ್ದರೆ ಏನು ಕರೆಯುತ್ತಿದ್ದಿರಿ ಎಂದು ಬರೆಯಿರಿ. ಯೋಚಿಸಲು 25 ಸೆಕೆಂಡು ಮಾತ್ರ.